ನೆಟ್ಟಗೆ ನಿಲ್ಲುವ ಊರು

ಮಕ್ಕಳೇ, ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಪಾಠ ತಿರುಗಾಮುರುಗಾ ಆಯಿತು. 36 ವರ್ಷ ಕಪ್ಪುಹಲಗೆಯ ಮುಂದೆ ನಿಂತಿದ್ದ ನಾನು, ಏಳನೇ ತರಗತಿಯ ಮೊಮ್ಮಗಳ ಕೈಕೆಳಗೆ ವಿದ್ಯಾರ್ಥಿಯಾದೆ. ವಿಷಯ ಬೀದಿ ಫೋಟೊ. ಎಂದರೆ, ಜನ ತಮ್ಮ ಪಾಡಿಗೆ ತಾವು ಇರುವಾಗ, ‘ಸ್ವಲ್ಪ ನಗಿ’ ಎಂದು ಯಾರೂ ಹೇಳದೆ ತೆಗೆದ ಫೋಟೊ.

“ತಾತ, ನೀನು ತೆಗೀತಿರೋದು ಯಾರಿಗೂ ಗೊತ್ತಾಗಬಾರದು. ಅಷ್ಟೇ ಗುಟ್ಟು” ಎಂದಳು ಗುರುಗಳು.

ಮುದ್ದೇನಹಳ್ಳಿಯಲ್ಲಿ ಅದು ಆಗುವ ಮಾತೇ? ಬೆಂಗಳೂರಿನ ಚಿಕ್ಕಪೇಟೆಯಲ್ಲಿ ನಾನು ಯಾರೋ, ಎದುರಿನವರು ಯಾರೋ. ಇಲ್ಲಿ ನಾನು ಮೊಬೈಲ್ ಎತ್ತಿದ್ದೇ ತಡ, ಕಟ್ಟೆಯ ಮೇಲೆ ಕೂತಿದ್ದವರು ಎದ್ದು ಪಂಚೆ ಸರಿಮಾಡಿಕೊಂಡರು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು ಹೊರೆ ಇಳಿಸಿ ಸೆರಗು ಹೊದ್ದಳು. “ಮೇಷ್ಟ್ರೇ, ಇರಿ, ಶರ್ಟ್ ಹಾಕ್ಕೊಂಡು ಬರ್ತೀನಿ” ಎಂದು ಒಬ್ಬ ಮನೆಯೊಳಕ್ಕೆ ಓಡಿದ. ಮೊದಲ ದಿನದ 40 ಫೋಟೊಗಳಲ್ಲೂ ಊರಿಗೆ ಊರೇ ರಾಷ್ಟ್ರಗೀತೆಗೆ ನಿಂತ ಹಾಗೆ ನಿಂತಿತ್ತು.

ಹಾಗೆಂದು ಕಲಿಕೆ ನಿಲ್ಲಲಿಲ್ಲ. ನನ್ನಂಥ ಹೊಸಬರಿಗೆ ಉಪಯೋಗವಾದೀತೆಂದು ನಾನು ಕಲಿತದ್ದನ್ನು ಹೇಳುತ್ತೇನೆ. ತೆಗೆಯುವ ಮೊದಲು ಮೊಬೈಲಿನ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ನನ್ನ ಮೊದಲ ದಿನದ ‘ಮಂಜು’ ನಂದಿಬೆಟ್ಟದ್ದಲ್ಲ, ನನ್ನ ಬೆರಳಿನ ಎಣ್ಣೆಯದು. ಬೆರಳುಗಳಲ್ಲಿ ಹಿಗ್ಗಿಸಿ ಜೂಮ್ ಮಾಡಿದರೆ ಚಿತ್ರ ಪುಡಿಪುಡಿಯಾಗುತ್ತದೆ. ಅದರ ಬದಲು ನಾಲ್ಕು ಹೆಜ್ಜೆ ಹತ್ತಿರ ಹೋಗಬೇಕು. ಪರದೆಯ ಮೇಲೆ ಮುಖದ ಜಾಗವನ್ನು ಮುಟ್ಟಿದರೆ ಬೆಳಕು ಆ ಮುಖಕ್ಕೆ ಹೊಂದಿಕೊಳ್ಳುತ್ತದೆ. ನಡೆಯುವವರು ಮಸುಕಾಗದಿರಲು ಶಟರ್ ವೇಗ ಒಂದು ಸೆಕೆಂಡಿನ 250ನೇ ಒಂದು ಭಾಗವಾದರೂ ಇರಲಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೆಳಗಿನ ಮತ್ತು ಸಂಜೆಯ ಬೆಳಕು ಮೃದು. ಮಕ್ಕಳ ಫೋಟೊ ತೆಗೆಯುವಾಗ ಮಂಡಿಯೂರಿ ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. (ಏಳುವಾಗ ಮೊಮ್ಮಗಳು ಪಕ್ಕದಲ್ಲಿರಲಿ.)

ಎಲ್ಲಕ್ಕಿಂತ ದೊಡ್ಡ ಪಾಠ ಕಾಯುವುದು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸಾನ್ ಈ ವಿದ್ಯೆಯ ದೊಡ್ಡ ಹೆಸರು. ತನ್ನ ಪುಟ್ಟ ಲೈಕಾ ಕ್ಯಾಮೆರಾ ಹೊಳೆದು ಯಾರ ಕಣ್ಣಿಗೂ ಬೀಳದಿರಲೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿಕೊಂಡಿದ್ದವರು. 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣವೊಂದರ ಹಿಂದೆ, ನಿಂತ ನೀರನ್ನು ಹಾರುತ್ತಿದ್ದ ಮನುಷ್ಯನನ್ನು ಅವರು ಹಿಡಿದರು. ಅವನ ಹಿಮ್ಮಡಿ ನೀರಿಗೆ ಇನ್ನೇನು ತಾಗಬೇಕು, ತಾಗಿಲ್ಲ! ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಅವರದು ಇನ್ನೊಂದು ದಾರಿ. ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ದಿನನಿತ್ಯದ ಬದುಕನ್ನು ತೆಗೆದವರು ಅವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು.

ನಾನೂ ಕಾದೆ. ಜನ ಪೋಸು ಕೊಟ್ಟರೆ ಬೇಡವೆನ್ನದೆ ಅದನ್ನೂ ತೆಗೆದು, “ಆಯ್ತು” ಎಂದು ಮೊಬೈಲ್ ಸ್ವಲ್ಪ ಇಳಿಸುತ್ತಿದ್ದೆ. ಆಗ ಅವರ ಭುಜ ಸಡಿಲವಾಗಿ, ನಿಜವಾದ ಮುಖ ವಾಪಸು ಬರುತ್ತಿತ್ತು. ಎರಡನೇ ಫೋಟೊ ಆಗ. ನನ್ನ ಒಳ್ಳೆಯ ಫೋಟೊಗಳೆಲ್ಲ ಎರಡನೆಯವೇ.

ಇಷ್ಟು ಕಲಿತ ಮೇಲೆ ಜಂಭ ಬಾರದೆ ಇರುತ್ತದೆಯೇ? ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದೆವು. ರಾಶಿ ರಾಶಿ ಗೂಡು, ಅವುಗಳಲ್ಲಿ ಕೈಯಾಡಿಸಿ ನೋಡುವ ರೀಲರುಗಳು, ಗದ್ದಲ. ಒಂದು ಮೂಲೆಯಲ್ಲಿ ನಮ್ಮ ಕಡೆಯ ರೈತನೊಬ್ಬ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು, ಖಾಲಿ ಚೀಲದ ಮೇಲೆ ಕೂತಿದ್ದ. ಪಕ್ಕದಿಂದ ಬೆಳಕು ಬೀಳುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ. ಗುರುಗಳು ಹೇಳಿದ ಗುಟ್ಟು ಸಿದ್ಧಿಸಿತು! ‘ಬೆಲೆ ಬಿದ್ದ ದಿನ’ ಎಂದು ಹೆಸರಿಟ್ಟು ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಕೈಮುಗಿದ ಚಿಹ್ನೆಗಳು, ಕಣ್ಣೀರಿನ ಚಿಹ್ನೆಗಳು ಸಾಲುಗಟ್ಟಿ ಬಂದವು.

ಎಂಟು ದಿನ ಕಳೆದು ಅವನೇ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ.

“ಮೇಷ್ಟ್ರೇ, ಅವತ್ತು ನನಗೆ ಒಳ್ಳೆ ರೇಟೇ ಸಿಕ್ಕಿತ್ತು. ರಾತ್ರಿಯೆಲ್ಲಾ ಗೂಡು ಬಿಡಿಸಿ ನಸುಕಿಗೇ ಹೊರಟಿದ್ದೆ. ನಿದ್ದೆ ತಡೀಲಾರ್ದೆ ಕೂತಿದ್ದೆ, ಅಷ್ಟೇ.”

ಫೋಟೊ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿ, ಅವನ ಮಗಳನ್ನು ನೋಡಿಕೊಂಡು ಹೋಗಿದ್ದ ಗಂಡಿನ ಮನೆಯವರೆಗೂ ತಲುಪಿತ್ತು. ಸಾಲ ಮೈಮೇಲಿದೆಯಂತೆ, ಬೆಳೆ ಕೈಕೊಟ್ಟಿತಂತೆ ಎಂದು ಮಾತು ಬೆಳೆದಿತ್ತು. ಆ ಸಂಬಂಧ ಮುಂದುವರಿಯಲಿಲ್ಲ. ಫೋಟೊದಿಂದಲೇ ಎಂದು ಅವನು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. “ನನ್ನ ಮುಖ ನಂದೇ ಅಲ್ವಾ ಮೇಷ್ಟ್ರೇ?” ಎಂದು ಕೇಳಿ ಹೊರಟುಹೋದ.

ಅಳಿಸಿದೆ. ಎಲ್ಲರಿಗೂ ಅಳಿಸಲು ಬೇಡಿಕೊಂಡೆ. ಚೆಲ್ಲಿದ ರಾಗಿಯನ್ನಾದರೂ ಗುಡಿಸಿ ತುಂಬಬಹುದು. ಕಳಿಸಿದ ಫೋಟೊ ವಾಪಸು ಬರುವುದಿಲ್ಲ. ಮೊಮ್ಮಗಳು ಅವತ್ತು ಊಟ ಮಾಡಲಿಲ್ಲ. “ಗೊತ್ತಾಗಬಾರದು ಅಂತ ಹೇಳಿಕೊಟ್ಟಿದ್ದು ನಾನೇ” ಎಂದಳು. “ಹೆಸರಿಟ್ಟವನು ನಾನು” ಎಂದೆ. ಫೋಟೊ ಸುಳ್ಳು ಹೇಳಿರಲಿಲ್ಲ. ಕೇಳಿ ತಿಳಿದುಕೊಳ್ಳದೆ ನಾನು ಕೊಟ್ಟ ಹೆಸರು ಹೇಳಿತ್ತು.

ನಮ್ಮೂರಿನ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಗಳನ್ನು ನೆನಪಿಸಿಕೊಳ್ಳಿ. ತಲೆಗೆ ಪೇಟ, ಗುಂಡಿ ಹಾಕಿದ ಕೋಟು, ನೆಟ್ಟನೆಯ ಬೆನ್ನು. ಅವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಎಷ್ಟೋ ಜನ ಬರುತ್ತಾರೆ. ಈ ಸಲ ಅವರ ಚಿತ್ರದ ಮುಂದೆ ನಿಂತಾಗ ನನಗೆ ಹೊಳೆಯಿತು: ತಾನು ಹೇಗೆ ಕಾಣಬೇಕೆಂದು ಅವರು ತಾವೇ ತೀರ್ಮಾನಿಸಿದ್ದರು. ಶರ್ಟು ಹಾಕಲು ಓಡಿದವನೂ ಅದನ್ನೇ ತಾನೆ ಮಾಡಿದ್ದು? ಅವನನ್ನು ನೋಡಿ ನಾನು ನಕ್ಕಿದ್ದೆ.

ದಸರಾ ರಜೆಗೆ ಮೊಮ್ಮಗಳು ಬಂದಾಗ ಇಬ್ಬರೂ ಆ ರೈತನ ಹುಳುಮನೆಗೆ ಹೋದೆವು. ಕ್ಷಮೆ ಕೇಳಿದೆವು. ಮೊಬೈಲ್ ಜೇಬಿನಲ್ಲೇ ಇತ್ತು. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ನಾವೂ ಸೊಪ್ಪು ಹಾಕಿದೆವು. ದಿನಾ ಹೋಗತೊಡಗಿದೆವು. ಐದನೇ ದಿನ ಅವನೇ “ತೆಗೀರಿ, ಪರವಾಗಿಲ್ಲ” ಎಂದ. ಹುಳು ಹಣ್ಣಾಗಿದ್ದ ಸಂಜೆ, ಚಂದ್ರಿಕೆಗೆ ಬಿಡುವ ಮೊದಲು ಅವನು ಒಂದು ಹುಳುವನ್ನೆತ್ತಿ ಬಲ್ಬಿನ ಬೆಳಕಿಗೆ ಹಿಡಿದ. ಹುಳುವಿನ ಮೈಯೊಳಗೆ ಬೆಳಕು ಹೊಕ್ಕಿತು. ನಾವಿದ್ದುದನ್ನೇ ಅವನು ಮರೆತಿದ್ದ. ಫ್ಲ್ಯಾಶ್ ಇಲ್ಲದೆ ಒಂದೇ ಒಂದು ತೆಗೆದೆ.

ಮಕ್ಕಳೇ, ಅಡಗಿ ನಿಂತು ಕಾಣದಂತಾಗುವುದು ಒಂದು ಬಗೆ. ಜೊತೆಯಲ್ಲಿದ್ದೂ ಇದ್ದೂ ಕಾಣದಂತಾಗುವುದು ಇನ್ನೊಂದು. ನಮ್ಮಂಥ ಊರುಗಳಿಗೆ ಎರಡನೆಯದೇ ಸರಿ.

ತೋರಿಸಿದೆ. ಬಹಳ ಹೊತ್ತು ನೋಡಿದ. “ತಲೆ ಇಷ್ಟು ಬೆಳ್ಳಗಾಗಿದ್ಯಾ?” ಎಂದು ನಕ್ಕ. ಆಮೇಲೆ, “ಇಟ್ಕೊಳ್ಳಿ. ಯಾರ್ಗೂ ಕಳ್ಸ್‌ಬೇಡಿ” ಎಂದ. ಈ ಕತೆ ಬರೆಯಲು ಒಪ್ಪಿದ್ದಾನೆ. ಹೆಸರು ಬೇಡ, ಫೋಟೊ ಬೇಡ ಎಂದಿದ್ದಾನೆ. ನಾನು ತೆಗೆದ ಅತ್ಯುತ್ತಮ ಫೋಟೊ ಈ ಪುಟದಲ್ಲಿ ಇಲ್ಲದಿರುವುದು ಅದಕ್ಕೇ.

ಈ ವಾರದ ಕೆಲಸ: ಮಕ್ಕಳೇ, ನಿಮ್ಮ ಅಜ್ಜಿ ಅಕ್ಕಿ ಆರಿಸುವಾಗಲೋ ತಾತ ಪೇಪರ್ ಓದುವಾಗಲೋ ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಆಮೇಲೆ ಒಂದು ಫೋಟೊ ತೆಗೆಯಿರಿ. ತೆಗೆದದ್ದನ್ನು ಮೊದಲು ಅವರಿಗೇ ತೋರಿಸಿ. ಅಜ್ಜ-ಅಜ್ಜಿಯರೇ, ಬೇಡವೆನಿಸಿದರೆ ಬೇಡವೆನ್ನಿ. ಮುಖ ನಿಮ್ಮದೇ.