ಮನೆಯ ಮಾರಾಟಕೂಟಕ್ಕೆ ದಿನ ಗೊತ್ತುಮಾಡುವ ಬಗೆ

ಮನೆಯಲ್ಲಿದ್ದುಕೊಂಡೇ ಡಬ್ಬಿ, ಪಾತ್ರೆ, ಸೌಂದರ್ಯಸಾಧನ ಮುಂತಾದ ಪದಾರ್ಥಗಳನ್ನು ಮಾರಿ ನಾಲ್ಕು ಕಾಸು ಸಂಪಾದಿಸುವ ಸೋದರಿಯರು ಈಗ ನಮ್ಮ ಊರುಗಳಲ್ಲಿ ವಿರಳರಲ್ಲ. ಇವರಿಗೆ ಅಂಗಡಿಯಿಲ್ಲ, ನಾಮಫಲಕವಿಲ್ಲ. ಪರಿಚಿತರೊಬ್ಬರ ಮನೆಯಲ್ಲಿ ಹತ್ತು ಮಂದಿ ಹೆಂಗಸರು ಸೇರುವರು, ಮಾರುವಾಕೆ ಪದಾರ್ಥವನ್ನು ತೆಗೆದು ತೋರಿಸಿ ಅದರ ಉಪಯೋಗವನ್ನು ವಿವರಿಸುವಳು, ಬೇಕಾದವರು ಬರೆಸುವರು. ವೃತ್ತಿಯವರು ಇದನ್ನು ಪಾರ್ಟಿಯೆಂದೂ, ಮುಂದಿನ ಪಾರ್ಟಿಗೆ ಒಂದು ಮನೆಯನ್ನು ಗೊತ್ತುಮಾಡಿಕೊಳ್ಳುವುದನ್ನು ಬುಕಿಂಗ್ ಎಂದೂ ಕರೆಯುವರು. ನಾವು ಕೂಟವೆಂದೇ ಬರೆಯುತ್ತೇವೆ. ಕಳೆದ ಸಂಚಿಕೆಯಲ್ಲಿ ಗೃಹೋದ್ಯಮದ ಲೆಕ್ಕಪುಸ್ತಕವನ್ನು ಕುರಿತು ಬರೆದುದನ್ನು ಓದಿದ ಸೋದರಿಯೊಬ್ಬರು ತಮ್ಮ ಕಷ್ಟವನ್ನು ತಿಳಿಸಿದ್ದಾರೆ. ಮೊದಲ ಮೂರು ತಿಂಗಳು ಅಕ್ಕ, ನಾದಿನಿ, ಚಿಕ್ಕಮ್ಮ, ಎದುರುಮನೆಯವರು ಎಲ್ಲರೂ ಕೂಟವನ್ನು ಕರೆದರಂತೆ. ನಾಲ್ಕನೆಯ ತಿಂಗಳು ಒಂದೇ ಮನೆ. ಈಗ ಅದೂ ಇಲ್ಲ. ಈಗ ಇವರು ಫೋನು ಮಾಡಿದರೆ ಬಂಧುಗಳು ಎತ್ತುವುದೂ ಇಲ್ಲವಂತೆ. ಮಗಳ ಶಾಲೆಯ ಶುಲ್ಕ ಈ ಸಂಪಾದನೆಯಿಂದಲೇ ಹೋಗಬೇಕಾಗಿರುವುದರಿಂದ ವಿಷಯವು ವಿನೋದದ್ದಲ್ಲ.

ಈ ಕಷ್ಟವು ಅವರೊಬ್ಬರದಲ್ಲ. ಮಾರಲು ಬಾರದೆ ವೃತ್ತಿಯನ್ನು ಬಿಟ್ಟವರಿಗಿಂತ, ಮಾರಲು ಮನೆ ದೊರೆಯದೆ ಬಿಟ್ಟವರನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಆ ಸೋದರಿ ತಮ್ಮ ಮಾತುಗಾರಿಕೆಯನ್ನು ಹಳಿದುಕೊಂಡಿದ್ದಾರೆ. ಅದು ಕಾರಣವೆಂದು ನಮಗೆ ತೋರುವುದಿಲ್ಲ. ಅಕ್ಕನ ಮನೆಗೆ ಬಂದವರೇ ನಾದಿನಿಯ ಮನೆಗೂ ಬಂದರು, ಚಿಕ್ಕಮ್ಮನ ಮನೆಗೂ ಬಂದರು. ಅವೇ ಹತ್ತು ಮುಖಗಳು, ಅವೇ ಡಬ್ಬಿಗಳು. ಒಂದು ಕೊಡದ ನೀರನ್ನು ಬಿಂದಿಗೆಯಿಂದ ಬಿಂದಿಗೆಗೆ ಬಗ್ಗಿಸುತ್ತಿದ್ದರೆ ಪ್ರತಿಸಾರಿಯೂ ಸ್ವಲ್ಪ ಚೆಲ್ಲುವುದೇ ಹೊರತು ಹೆಚ್ಚುವುದುಂಟೆ? ಲೆಕ್ಕಹಾಕಿ ನೋಡಿ. ಈ ತಿಂಗಳು ೪ ಕೂಟಗಳಾದುವು. ಒಂದೊಂದರಲ್ಲಿಯೂ ಮುಂದಿನದಕ್ಕೆ ಒಂದೊಂದು ಮನೆ ಒಪ್ಪಿತು ಎನ್ನೋಣ. ಜ್ವರ, ನೆಂಟರು, ಸೂತಕ, ಮಕ್ಕಳ ಪರೀಕ್ಷೆ, ಇವುಗಳಲ್ಲೊಂದು ಬಂದು ಅವುಗಳಲ್ಲಿ ಒಂದು ತಪ್ಪಿಯೇ ತಪ್ಪುವುದು, ಉಳಿದುವು ೩. ಅದರ ಮುಂದಿನ ತಿಂಗಳು ೨. ಎಲ್ಲರೂ ಒಪ್ಪುತ್ತಿದ್ದರೂ ವೃತ್ತಿಯು ಸೊರಗುತ್ತಲೇ ಹೋಗುವುದು. ಕೂಟವೊಂದಕ್ಕೆ ಎರಡು ಮನೆಗಳು ದೊರೆತರೆ ಮಾತ್ರ ೪ ಕೂಟಗಳಿಂದ ೮ ಆಗಿ, ಎರಡು ತಪ್ಪಿದರೂ ೬ ನಿಲ್ಲುವುವು. ಆದುದರಿಂದ ಒಂದು ಕೂಟವು ಚೆನ್ನಾಗಿ ನಡೆಯಿತೇ ಎಂಬುದನ್ನು ಅಂದಿನ ವ್ಯಾಪಾರದ ಮೊತ್ತದಿಂದ ಅಳೆಯತಕ್ಕುದಲ್ಲ. ಹೊರಡುವಾಗ ಎಷ್ಟು ದಿನಗಳು ಗೊತ್ತಾಗಿದ್ದುವು, ಅವುಗಳಲ್ಲಿ ನಿಮಗೆ ಹೊಸಬರಾದವರ ಮನೆ ಎಷ್ಟು ಎಂಬುದರಿಂದ ಅಳೆಯತಕ್ಕುದು.

ಹೊಸಬರು ಏತಕ್ಕೆ ಒಪ್ಪಬೇಕು? ಇದಕ್ಕೆ ಉತ್ತರ ಬೇಕಾದರೆ ಈ ಪದ್ಧತಿಯು ಬೆಳೆದ ಬಗೆಯನ್ನು ಸ್ವಲ್ಪ ತಿಳಿಯಬೇಕು. ಅಮೆರಿಕ ದೇಶದ ಅರ್ಲ್ ಟಪ್ಪರ್ ಎಂಬಾತನು ೧೯೪೬ರಲ್ಲಿ, ಮುಚ್ಚಳವು ಗಾಳಿಯಾಡದಂತೆ ಕೂಡುವ ಪ್ಲಾಸ್ಟಿಕ್ ಬೋಗುಣಿಯೊಂದನ್ನು ಮಾರಾಟಕ್ಕೆ ತಂದನು. ಪದಾರ್ಥವು ಉತ್ತಮವಾಗಿಯೇ ಇತ್ತು. ಆದರೂ ಅಂಗಡಿಗಳಲ್ಲಿ ಅದನ್ನು ಕೇಳುವವರಿರಲಿಲ್ಲ. ಅಂಚನ್ನು ತುಸು ಎತ್ತಿ, ನಡುವೆ ಒತ್ತಿ, ಒಳಗಿನ ಗಾಳಿಯನ್ನು ಹೊರಬಿಟ್ಟು ಮುಚ್ಚಬೇಕೆಂಬ ಮರ್ಮವನ್ನು ಯಾರಾದರೂ ಕೈಯಲ್ಲಿ ಹಿಡಿದು ತೋರಿಸಿದ ಹೊರತು ಕೊಳ್ಳುವವರಿಗೆ ತಿಳಿಯುವಂತಿರಲಿಲ್ಲ. ಆ ದೇಶದಲ್ಲಿ ೧೯೩೧ರಲ್ಲಿ ಸ್ಥಾಪಿತವಾಗಿದ್ದ ಸ್ಟ್ಯಾನ್ಲಿ ಹೋಂ ಪ್ರಾಡಕ್ಟ್ಸ್ ಎಂಬ ಕಂಪನಿಯವರು ಮನೆಯ ಚೊಕ್ಕಟಕ್ಕೆ ಬೇಕಾದ ಸಾಮಾನುಗಳನ್ನು ಹೆಂಗಸರ ಕೂಟಗಳಲ್ಲಿ ಮಾರುತ್ತಿದ್ದರು. ಆ ಕಂಪನಿಗೆ ಮಾರಾಟ ಮಾಡುತ್ತಿದ್ದ ಬ್ರೌನಿ ವೈಸ್ ಎಂಬಾಕೆ, ಗಂಡನಿಂದ ಬೇರೆಯಾಗಿ ಒಬ್ಬನೇ ಮಗನನ್ನು ಸಾಕುತ್ತಿದ್ದವಳು, ಟಪ್ಪರನ ಬೋಗುಣಿಯನ್ನು ಅದೇ ಕ್ರಮದಲ್ಲಿ ಮಾರತೊಡಗಿದಳು. ದ್ರವವನ್ನು ತುಂಬಿ ಮುಚ್ಚಿದ ಬೋಗುಣಿಯನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ಎಸೆದು ತೋರಿಸುವಳಂತೆ! ೧೯೫೧ರಲ್ಲಿ ಟಪ್ಪರನು ಅಂಗಡಿಗಳ ಮಾರಾಟವನ್ನೇ ಬಿಟ್ಟು ಮನೆಯ ಕೂಟವನ್ನು ಅವಲಂಬಿಸಿದನು. ಅದರ ಮೇಲ್ವಿಚಾರಣೆಯನ್ನು ಬ್ರೌನಿ ವೈಸಳಿಗೆ ಒಪ್ಪಿಸಿ ಅವಳನ್ನು ಉಪಾಧ್ಯಕ್ಷೆಯನ್ನಾಗಿ ಮಾಡಿದನು. ೧೯೫೪ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ ಅಚ್ಚಾಯಿತು. ಆ ಸ್ಥಾನವನ್ನು ಪಡೆದ ಮೊದಲನೆಯ ಸ್ತ್ರೀ ಅವಳೇ. ಟಪ್ಪರ್‌ವೇರ್ ಭಾರತಕ್ಕೆ ಬಂದುದು ೧೯೯೬ರಲ್ಲಿ. ತಮ್ಮಲ್ಲಿರುವ ಆ ಡಬ್ಬಿಯನ್ನು ಪಕ್ಕದ ಮನೆಗೆ ಸಾರು ಕಳುಹಿಸುವುದಕ್ಕೆ ಮಾತ್ರ ಉಪಯೋಗಿಸದ ಗೃಹಿಣಿಯರನ್ನು ನಮ್ಮ ಓದುಗರೂ ಬಲ್ಲರು.

ಈ ಚರಿತ್ರೆಯಲ್ಲಿ ನಮಗೆ ಬೇಕಾದ ಅಂಶವು ಇಷ್ಟು. ಕೂಟದಲ್ಲಿ ಮಾರಾಟವಾಗುವುದು ಬೋಗುಣಿಯೇ ಆದರೂ, ಬಂದ ಹತ್ತು ಮಂದಿಯೂ ಬೋಗುಣಿಗಾಗಿ ಬಂದವರಲ್ಲ. ಮನೆಯೊಡತಿಯ ಕರೆಗೆ ಓಗೊಟ್ಟು ಬಂದವರು. ಅವರು ಕುಳಿತು ನೋಡುತ್ತಿರುವುದೂ ಅವಳನ್ನೇ. ಈಕೆಗೆ ಶ್ರಮವಾಯಿತೇ? ಖರ್ಚಾಯಿತೇ? ಹತ್ತು ಮಂದಿಯ ಎದುರಿಗೆ ಈಕೆಗೆ ಗೌರವ ದೊರೆಯಿತೇ? ಈ ಮೂರು ಪ್ರಶ್ನೆಗಳಿಗೆ ಅವರ ಮನಸ್ಸಿನಲ್ಲಿಯೇ ಉತ್ತರ ಹುಟ್ಟುವುದು. ನೀವು ‘ನಿಮ್ಮ ಮನೆಯಲ್ಲಿ ಯಾವಾಗ?’ ಎಂದು ಕೇಳುವ ವೇಳೆಗೆ ಅವರು ತೀರ್ಮಾನಿಸಿಯಾಗಿರುವುದು.

ಹಾಗಾದರೆ ಮೊದಲು ತಿಂಡಿಯ ವಿಷಯವನ್ನು ಎತ್ತಿಕೊಳ್ಳಬೇಕು. ಇದು ಅಲ್ಪವಿಷಯವೆಂದು ಯಾರೂ ನಗಬಾರದು. ನಮ್ಮ ಗೃಹಿಣಿಯರ ಔದಾರ್ಯವೇ ಇಲ್ಲಿ ವಿಘ್ನ. ಕೂಟವೆಂದೊಡನೆ ಬೆಳಗಿನಿಂದ ಒಲೆ ಹತ್ತಿಸಿ ಅಂಬೊಡೆ, ಕೇಸರಿಭಾತು, ಉಪ್ಪಿಟ್ಟು, ಮೇಲೆ ಕಾಫಿ ಮಾಡಿಟ್ಟರೆ, ಬಂದವರು ಹೊಟ್ಟೆತುಂಬ ತಿಂದು ಮನೆಯೊಡತಿಯನ್ನು ಹೊಗಳುವರು. ಆದರೆ ‘ನಮ್ಮ ಮನೆಯಲ್ಲಾದರೆ ಇದಕ್ಕಿಂತ ಕಡಮೆ ಮಾಡಲಾಗುವುದಿಲ್ಲ, ಅದು ನಮ್ಮಿಂದಾಗದು’ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಹೋಗುವರು. ಒಂದು ಅಂಬೊಡೆಯ ತಟ್ಟೆಯು ಎರಡು ಕೂಟಗಳನ್ನು ನುಂಗುವುದೆಂದರೆ ಅತ್ಯುಕ್ತಿಯಲ್ಲ. ಕಾಫಿ, ಜೊತೆಗೆ ಒಂದಿಷ್ಟು ಅವಲಕ್ಕಿಯೋ ಕೋಡುಬಳೆಯೋ, ಇಷ್ಟೇ ಸಾಕೆಂದು ಮನೆಯೊಡತಿಗೆ ಮುಂಚಿತವಾಗಿ ಹೇಳಿ, ಹಟಹಿಡಿದಾದರೂ ಒಪ್ಪಿಸಬೇಕು. ಮಾರುವಾಕೆಯ ಸಾಮಾನಿಗೂ ಇದೇ ನಿಯಮ. ಮೂರು ಮೂಟೆಗಳನ್ನು ಆಟೋದಿಂದ ಇಳಿಸಿ ನಡುಮನೆಯನ್ನೆಲ್ಲ ತುಂಬಿದರೆ, ಎರಡು ಕೋಣೆಯ ಮನೆಯವರು ತಮ್ಮ ಮನೆ ಚಿಕ್ಕದೆಂದು ಹಿಂಜರಿಯುವರು. ಒಂದು ಚೀಲದಲ್ಲಿ ಹಿಡಿಯುವಷ್ಟನ್ನು ಕೊಂಡೊಯ್ಯಬೇಕು. ಎಲ್ಲವನ್ನೂ ಒಂದೇ ದಿನ ತೋರಿಸಿಬಿಟ್ಟರೆ ಮುಂದಿನ ಮನೆಯಲ್ಲಿ ತೋರಿಸುವುದೇನು?

ಮನೆಯೊಡತಿಗೆ ಕಂಪನಿಯಿಂದ ಸಲ್ಲುವ ಉಡುಗೊರೆಯನ್ನು ಎಲ್ಲರೆದುರಿಗೆ ಅವಳ ಕೈಯಲ್ಲಿಡಬೇಕು. ಅದು ಯಾವ ಲೆಕ್ಕದ ಮೇಲೆ ಬಂತೆಂಬುದನ್ನು ಕೂಡಿಸದೆ ಕಳೆಯದೆ ಹೇಳಬೇಕು. ಇದರಲ್ಲಿ ಒಂದು ರೂಪಾಯಿಯ ಅತಿಶಯೋಕ್ತಿಯಾದರೂ ಮುಂದಿನ ಮನೆಯವಳು ತನಗೆ ಕಡಮೆ ಬಂದಾಗ ಅದನ್ನು ಹತ್ತು ಮಂದಿಗೆ ಹೇಳುವಳು.

ಇನ್ನು ಕೇಳುವ ಬಗೆ. ಸಭೆಗೆಲ್ಲ ಒಟ್ಟಾಗಿ ‘ಮುಂದೆ ಯಾರು ಕರೆಯುತ್ತೀರಿ?’ ಎಂದು ಕೇಳುವುದು ನಿಷ್ಫಲ. ಹತ್ತು ಮಂದಿಯೂ ಒಬ್ಬರ ಮುಖವನ್ನೊಬ್ಬರು ನೋಡುವರು. ಒಬ್ಬಳಿಗೆ ಮನಸ್ಸಿದ್ದರೂ ಅತ್ತೆಯವರು ಪಕ್ಕದಲ್ಲಿಯೇ ಕುಳಿತಿರುವರು. ಒಬ್ಬೊಬ್ಬರ ಬೇಡಿಕೆಯನ್ನು ಬರೆದುಕೊಳ್ಳುವಾಗ, ಅವರು ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರೆಂಬುದನ್ನು ಗಮನಿಸಿ, ಆ ಪದಾರ್ಥವು ಮನೆಯೊಡತಿಯ ಉಡುಗೊರೆಯಾಗಿ ದೊರೆಯುವ ದಾರಿಯನ್ನು ಮೆಲ್ಲಗೆ ಹೇಳಿದರೆ ಮಾತು ತಾನಾಗಿಯೇ ಮುಂದುವರಿಯುವುದು. ಅತಿಥಿಯೆಂಬ ಶಬ್ದಕ್ಕೆ ‘ಬರುವ ತಿಥಿಯು ಗೊತ್ತಿಲ್ಲದವನು’ ಎಂದು ವ್ಯುತ್ಪತ್ತಿ ಹೇಳುವ ರೂಢಿಯಿದೆ. (ಚಲನೆಯನ್ನು ಹೇಳುವ ಧಾತುವಿನಿಂದ ಸಾಧಿಸುವವರೂ ಉಂಟು, ಆ ವಿಚಾರವು ಇಲ್ಲಿ ಬೇಡ.) ಈ ವೃತ್ತಿಗೆ ಅತಿಥಿಯ ಲಕ್ಷಣವು ಸಲ್ಲದು, ಇಲ್ಲಿ ತಿಥಿಯೇ ಸರ್ವಸ್ವ. ‘ಆಗಲಿ, ನೋಡೋಣ, ನಾನೇ ಹೇಳಿಕಳುಹಿಸುತ್ತೇನೆ’ ಎಂಬ ಮಾತು ವಿನಯದ ನಿರಾಕರಣೆಯೆಂದೇ ತಿಳಿಯಿರಿ. ‘ಯಾವಾಗ ಬಿಡುವು?’ ಎಂದು ಕೇಳಿದರೆ ಗೃಹಿಣಿಗೆ ಎಂದೂ ಬಿಡುವಿಲ್ಲ. ‘ಮುಂದಿನ ಬುಧವಾರ ಮೂರು ಗಂಟೆಗೆ ಅನುಕೂಲವೋ, ಶನಿವಾರ ನಾಲ್ಕಕ್ಕೋ?’ ಎಂದು ಎರಡು ದಿನಗಳನ್ನು ಮುಂದಿಟ್ಟರೆ ಒಂದನ್ನು ಆರಿಸುವಳು. ಮಂಗಳವಾರ ಮೂರು ಗಂಟೆಯನ್ನು ಹೇಳಬೇಡಿ. ರಾಹುಕಾಲವನ್ನು ನಾವು ಎಣಿಸುತ್ತೇವೆಯೋ ಇಲ್ಲವೋ, ಮನೆಯ ಹಿರಿಯರು ಎಣಿಸುವರು. ‘ನಮ್ಮವರನ್ನು ಕೇಳಬೇಕು’ ಎಂದರೆ ಅದು ನ್ಯಾಯವೇ. ದಿನವನ್ನು ಸೀಸದಕಡ್ಡಿಯಿಂದ ಬರೆದುಕೊಂಡು, ಮಾರನೆಯ ದಿನ ಇಷ್ಟು ಗಂಟೆಗೆ ಕೇಳುತ್ತೇನೆಂದು ಹೇಳಿ, ಆ ಗಂಟೆಗೆ ಸರಿಯಾಗಿ ಕೇಳಬೇಕು. ದಿನವನ್ನು ಹತ್ತು ಹದಿನೈದು ದಿನಗಳಿಗಿಂತ ಮುಂದಕ್ಕೆ ಹಾಕಿದರೆ ಉತ್ಸಾಹವು ಆರುವುದು.

ಗೊತ್ತಾದ ದಿನವು ತಪ್ಪದಂತೆ ನೋಡಿಕೊಳ್ಳುವುದು ಹೊಸ ಮನೆಯನ್ನು ಹುಡುಕಿದಷ್ಟೇ ಲಾಭಕರ. ಒಪ್ಪಿದ ಎರಡು ದಿನಗಳೊಳಗಾಗಿ ಅವರ ಮನೆಗೆ ಹೋಗಿಯೋ ಫೋನಿನಲ್ಲಿಯೋ ಮಾತನಾಡಿ, ಕರೆಯತಕ್ಕವರ ಹೆಸರುಗಳನ್ನು ಅವರಿಂದಲೇ ಬರೆಸಬೇಕು. ಹತ್ತು ಮಂದಿ ಬರಬೇಕಾದರೆ ಇಪ್ಪತ್ತು ಮಂದಿಯನ್ನಾದರೂ ಕರೆಯಬೇಕು. ವಾಟ್ಸಾಪಿನಲ್ಲಿ ಒಂದು ಚಿತ್ರವನ್ನು ಕಳುಹಿಸಿ ಕರೆದೆವೆಂದು ತಿಳಿಯುವವರಿದ್ದಾರೆ. ಅರಿಶಿನ ಕುಂಕುಮಕ್ಕೆ ಹಾಗೆ ಕರೆದರೆ ಎಷ್ಟು ಮಂದಿ ಬಂದಾರು? ಬಾಯಿಂದ ಕರೆಯಬೇಕು, ಹಿಂದಿನ ದಿನ ಜ್ಞಾಪಿಸಬೇಕು. ಹೆಸರುಗಳನ್ನು ಬರೆಸುವಾಗ ಬಂಧುಗಳು ಮುಗಿದ ಮೇಲೆ ‘ನಿಮ್ಮ ಮಗುವಿನ ಶಾಲೆಯ ತಾಯಂದಿರು ಯಾರು? ಭಜನೆಗೆ ಬರುವವರು? ಮಹಡಿಯ ಮೇಲಿನವರು?’ ಎಂದು ಕೇಳಿದರೆ, ಮೇಲೆ ಹೇಳಿದ ಹೊಸ ಮುಖಗಳು ಇಲ್ಲಿಯೇ ದೊರೆಯುವುವು.

ಬ್ರೌನಿ ವೈಸಳ ಕಾಲದ ಮಾರಾಟಗಾರ್ತಿಯರಿಗೆ ಇನ್ನೊಂದು ಉಪಾಯವಿತ್ತು. ಕ್ಯಾರೆಟ್ಟಿನ ಹೆಸರಿನಿಂದಲೇ ಅದನ್ನು ಕರೆಯುತ್ತಿದ್ದರು. ಅವರು ಮನೆಮನೆಗೆ ಹೋಗಿ, ಕೆಲವು ಕ್ಯಾರೆಟ್ಟುಗಳನ್ನು ಈ ಡಬ್ಬಿಯಲ್ಲಿಯೂ ಕೆಲವನ್ನು ನೀವು ಸಾಮಾನ್ಯವಾಗಿ ಇಡುವಲ್ಲಿಯೂ ಇಟ್ಟು ನೋಡಿರೆಂದು ಹೇಳುವರು; ಫಲವನ್ನು ಕಣ್ಣಾರೆ ಕಂಡ ಗೃಹಿಣಿಯು ಬಹುವೇಳೆ ಕೂಟಕ್ಕೆ ಒಪ್ಪುವಳು. ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಇದಕ್ಕೆ ತಕ್ಕುದು. ಆದರೆ ಹೇಳದೆ ಕೇಳದೆ ಬಾಗಿಲು ತಟ್ಟುವಂತಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಕೇಂದ್ರಸರಕಾರವು ಹೊರಡಿಸಿದ ನೇರ ಮಾರಾಟದ ನಿಯಮಗಳ ಪ್ರಕಾರ, ಗುರುತಿನ ಚೀಟಿಯೂ ಮುಂಚಿತವಾದ ಒಪ್ಪಿಗೆಯೂ ಇಲ್ಲದೆ ಮಾರುವವರು ಗ್ರಾಹಕರ ಮನೆಗೆ ಹೋಗಕೂಡದು. ತಾವು ಯಾರು, ಯಾವ ಕಂಪನಿಯವರು, ಬಂದ ಉದ್ದೇಶವೇನು ಎಂಬುದನ್ನು ಮೊದಲೇ ತಿಳಿಸಬೇಕು. ಬೆಲೆ, ಹಿಂದಿರುಗಿಸುವ ಕ್ರಮ ಎಲ್ಲವನ್ನೂ ಸರಿಯಾಗಿ ಹೇಳಬೇಕು. ಈ ನಿಯಮವು ವೃತ್ತಿಗೆ ಅಡ್ಡಿಯಲ್ಲ. ಊಟಕ್ಕೆಂದು ಕರೆದು ಊಟವಾದ ಮೇಲೆ ಚೀಲ ಬಿಚ್ಚುವವರಿಂದ ಈ ವೃತ್ತಿಗೆ ಬಂದಿರುವ ಅಪಕೀರ್ತಿಯನ್ನು ಎಣಿಸಿದರೆ, ನಿಯಮವು ಮೊದಲೇ ಬರಬೇಕಾಗಿತ್ತು.

ಫೋನೆತ್ತದ ಬಂಧುಗಳ ವಿಷಯಕ್ಕೆ ಬರೋಣ. ಸಂಸ್ಕೃತದಲ್ಲಿ ದಾಕ್ಷಿಣ್ಯವೆಂದರೆ ಸೌಜನ್ಯ, ಔದಾರ್ಯ. ಕನ್ನಡಕ್ಕೆ ಬಂದ ಮೇಲೆ ಆ ಶಬ್ದಕ್ಕೆ ‘ಇಲ್ಲವೆನ್ನಲಾರದ ಸಂಕಟ’ ಎಂಬ ಅರ್ಥವೂ ಅಂಟಿಕೊಂಡಿತು. ದಾಕ್ಷಿಣ್ಯವನ್ನು ಕುರಿತ ನಮ್ಮ ಗಾದೆಯು ಈ ಪುಟದಲ್ಲಿ ಬರೆಯುವಂಥದಲ್ಲ. ಓದುಗರಿಗೆ ಅದು ತಿಳಿದೇ ಇದೆ. ಮೊದಲ ಕೂಟವನ್ನು ಅಕ್ಕನು ಪ್ರೀತಿಯಿಂದ ಕರೆದಳು. ಎರಡನೆಯದನ್ನು ದಾಕ್ಷಿಣ್ಯದಿಂದ ಕರೆದಳು. ಮೂರನೆಯದಕ್ಕೆ ಫೋನನ್ನು ಎತ್ತುವುದನ್ನು ಬಿಟ್ಟಳು. ನಮ್ಮ ಸೋದರಿಗೆ ನಾವು ಹೇಳುವುದಿಷ್ಟು: ಒಂದು ಆರು ತಿಂಗಳು ಬಂಧುಗಳ ಮನೆಯಲ್ಲಿ ಕೂಟದ ಮಾತೆತ್ತಬೇಡಿ, ಬರಿಗೈಯಲ್ಲಿ ಹೋಗಿ, ಕಾಫಿ ಕುಡಿದು, ಕುಶಲವನ್ನು ವಿಚಾರಿಸಿ ಬನ್ನಿ. ಅಲ್ಲಿಯ ತನಕ ಹಿಂದಿನ ಕೂಟಗಳ ಪಟ್ಟಿಯನ್ನು ತೆಗೆದು, ನೀವು ಒಮ್ಮೆ ಮಾತ್ರ ಕಂಡವರ ಹೆಸರುಗಳನ್ನು ಬೇರೆ ಬರೆಯಿರಿ. ಅವರು ಕೊಂಡುದೇನು, ಕೊಂಡು ಎಷ್ಟು ದಿನವಾಯಿತು ಎಂಬುದನ್ನು ಎದುರಿಗೆ ಬರೆದು, ಡಬ್ಬಿಯು ಚೆನ್ನಾಗಿದೆಯೇ, ಮುಚ್ಚಳ ಸಡಿಲವಾಯಿತೇ ಎಂದು ವಿಚಾರಿಸಿ. ಸಡಿಲವಾಗಿದ್ದರೆ ಬದಲಾಯಿಸಿಕೊಡುವ ವ್ಯವಸ್ಥೆಯನ್ನು ಮಾಡಿ. ಹೀಗೆ ಒಂದು ದೂರನ್ನು ಪರಿಹರಿಸಿದ ಮನೆಯಲ್ಲಿ ಕೂಟಕ್ಕೆ ಒಪ್ಪಿಗೆಯು ಬೇಗನೆ ದೊರೆಯುವುದನ್ನು ನಾವು ಬಲ್ಲೆವು. ಪದಾರ್ಥಗಳನ್ನು ತಲಪಿಸುವ ದಿನವನ್ನೂ ಬೇರೆಯವರ ಕೈಗೆ ಬಿಡಬೇಡಿ; ಕೊಂಡದ್ದು ಕೈಸೇರಿದ ಸಂತೋಷದಲ್ಲಿ ಕೇಳಿದ ಮಾತಿಗೆ ಬೆಲೆ ಹೆಚ್ಚು.

ಅವರ ಪತ್ರದ ಕೊನೆಯಲ್ಲಿ ಇನ್ನೊಂದು ವಾಕ್ಯವಿತ್ತು: ಕೂಟಗಳು ಕಡಮೆಯಾದುದರಿಂದ, ತಮ್ಮನ್ನು ಸೇರಿಸಿದವರ ಸಲಹೆಯ ಮೇರೆಗೆ, ತಿಂಗಳ ಗುರಿಯನ್ನು ಮುಟ್ಟಲು ಸ್ವಂತ ಹಣದಿಂದ ಸಾಮಾನನ್ನು ಕೊಂಡು ಅಟ್ಟದ ಮೇಲೆ ಇರಿಸಿದ್ದಾರಂತೆ. ಇದನ್ನು ಈ ತಿಂಗಳಿನಿಂದಲೇ ನಿಲ್ಲಿಸಬೇಕು. ಗೊತ್ತಾದ ದಿನವಿಲ್ಲದೆ ಕೊಂಡ ಸರಕು ಸಂಪಾದನೆಯಲ್ಲ, ಸಾಲ. ಕಂಪನಿಯ ಹೆಸರು ದೊಡ್ಡದೆಂಬ ಧೈರ್ಯವೂ ಸಾಲದು. ಟಪ್ಪರ್‌ವೇರ್ ಕಂಪನಿಯೇ ೨೦೨೪ರ ಸೆಪ್ಟೆಂಬರಿನಲ್ಲಿ ಅಮೆರಿಕದ ದಿವಾಳಿ ಕಾನೂನಿನ ಆಶ್ರಯವನ್ನು ಬೇಡಬೇಕಾಯಿತು. ಬ್ರೌನಿ ವೈಸಳ ಗತಿಯನ್ನೂ ನೆನೆಯಬಹುದು. ೧೯೫೮ರಲ್ಲಿ ಟಪ್ಪರನು ಅವಳನ್ನು ಕೆಲಸದಿಂದ ತೆಗೆದಾಗ, ಆ ವ್ಯಾಪಾರವನ್ನು ಮನೆಮನೆಗೂ ಮುಟ್ಟಿಸಿದವಳ ಬಳಿ ಕಂಪನಿಯ ಒಂದು ಪಾಲುಪತ್ರವೂ ಇರಲಿಲ್ಲ. ದೊರೆತದ್ದು ಸುಮಾರು ಒಂದು ವರ್ಷದ ಸಂಬಳ. ಅದೇ ವರ್ಷ ಟಪ್ಪರನು ಕಂಪನಿಯನ್ನು ಬಹುದೊಡ್ಡ ಮೊತ್ತಕ್ಕೆ ಮಾರಿದನು. ನಮ್ಮ ನಿಯಮಗಳು ಮಾರುವವರಿಗೂ ಕಂಪನಿಗೂ ಮುಂಚಿತವಾಗಿ ಲಿಖಿತ ಒಪ್ಪಂದವಿರಬೇಕೆಂದು ವಿಧಿಸುತ್ತವೆ. ಸೇರುವುದಕ್ಕೆ ಪ್ರವೇಶಧನವನ್ನು ಕೇಳಕೂಡದೆಂದೂ ವಿಧಿಸುತ್ತವೆ. ಆ ಒಪ್ಪಂದವನ್ನು ತೆಗೆದು, ಮಾರದೆ ಉಳಿದ ಸಾಮಾನನ್ನು ಕಂಪನಿಯು ಎಷ್ಟು ದಿನಗಳೊಳಗಾಗಿ ಯಾವ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳುವುದೆಂಬ ಭಾಗವನ್ನು ಓದಿ, ಅವಧಿಯು ಮೀರುವುದಕ್ಕೆ ಮುಂಚೆ ಅಟ್ಟದ ಮೇಲಿನದನ್ನು ಇಳಿಸತಕ್ಕುದು.

ಮಾರಾಟದ ತೆರಿಗೆಯನ್ನು ಕುರಿತು ಅದೇ ಪತ್ರದಲ್ಲಿ ಕೇಳಿರುವ ಪ್ರಶ್ನೆಗೆ ಸ್ಥಳಾಭಾವದಿಂದ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುವೆವು.