ಹಲಿಗಿ ನಮ್ಮದಿತ್ತು, ಮೈಕು ಯಾರದು?



"ಹೊಳಿ ಏರಾಕ ಹತ್ತೇತಿ, ಏಳ್ರೋ!"

ಈ ಕೂಗು ಊರಿಗೆ ಮೊದಲು ಕೇಳಿಸಿದ್ದು ಯಾರ ಬಾಯಿಂದ? ನಮ್ಮ ಮುತ್ತ್ಯಾನ ಬಾಯಿಂದ. ಅವನ ಕೈಯಲ್ಲಿದ್ದ ಹಲಿಗಿಯಿಂದ. ಮಳೆ ಇರಲಿ, ನಡುರಾತ್ರಿ ಇರಲಿ, ಗೌಡರು ಹೇಳಿ ಕಳಿಸಿದರೆ ಹೋಗಬೇಕು. ಓಣಿ ಓಣಿ ತಿರುಗಿ ಡಂಗುರ ಸಾರಬೇಕು. ಅವನ ದನಿ ಎಲ್ಲರ ಮನೆಯೊಳಗೂ ಹೋಗುತ್ತಿತ್ತು. ಅವನು ಮಾತ್ರ ಹೊರಗೆ ನಿಲ್ಲಬೇಕಿತ್ತು.

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಆಗ ಮುಂಬಯಿ ಸರಕಾರದ ಆಳ್ವಿಕೆ. 1874ರ ವತನ ಕಾಯ್ದೆ ಇಂಥ ಚಾಕರಿಯನ್ನು ಅಪ್ಪನಿಂದ ಮಗನಿಗೆ ದಾಟಿಸುವ ಗಂಟಾಗಿತ್ತು. 1925ರ ಏಪ್ರಿಲ್‌ನಲ್ಲಿ ಇದೇ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದ ಬಾಬಾಸಾಹೇಬರು 1928ರಲ್ಲಿ ಆ ಕಾಯ್ದೆ ತಿದ್ದಲು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಹಗಲಿರುಳು ದುಡಿಸಿಕೊಂಡು ಕಾಳು, ತಂಗಳ ರೊಟ್ಟಿ ಕೊಟ್ಟು ಕಳಿಸುವುದು ಸಾಕು, ಸರಕಾರಿ ಕೆಲಸಕ್ಕೆ ಸರಿಯಾದ ಪಗಾರ ಕೊಡಿ ಅನ್ನುವುದು ಅವರ ವಾದ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ಈ ವಂಶಪಾರಂಪರ್ಯ ಚಾಕರಿಯನ್ನು ರದ್ದು ಮಾಡಿತು. ಹಲಿಗಿ ಕೆಳಗಿಟ್ಟೆವು. ಸರಿಯಾಗಿಯೇ ಕೆಳಗಿಟ್ಟೆವು.

ಆದರೆ ಆಮೇಲೆ ಏನಾಯ್ತು?

ಹಲಿಗಿಯ ಜಾಗಕ್ಕೆ ಪೊಲೀಸ್ ವಾಯರ್‌ಲೆಸ್ ಬಂತು, ಫೋನು ಬಂತು. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸು ಎಲ್ಲಕ್ಕೂ 112 ಅನ್ನುವ ಒಂದೇ ನಂಬರು ಬಂತು. ಜಿಲ್ಲಾ ಕಂಟ್ರೋಲ್ ರೂಮಿಗೆ 1077 ಇದೆ. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಮೊಬೈಲೂ ಒಮ್ಮೆಲೇ ಚೀರಿಕೊಂಡವಲ್ಲ, ಹಾಸ್ಟೆಲಿನಲ್ಲಿ ನಾವೆಲ್ಲ ಹೆದರಿ ಎದ್ದು ಕೂತೆವಲ್ಲ, ಅದು ಇಂಥ ಎಚ್ಚರಿಕೆಯ ಪರೀಕ್ಷೆ. ಇದೆಲ್ಲ ಒಳ್ಳೆಯದೇ. ನಾವು ಬೇಡ ಅನ್ನುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇವೆ: ಕಂಟ್ರೋಲ್ ರೂಮಿನಿಂದ ಹೊರಟ ಸುದ್ದಿ ಕೇರಿಗೆ ಮುಟ್ಟುವುದು ಎಷ್ಟು ಹೊತ್ತಿಗೆ?

ನಮ್ಮ ಭಾಗದ ಹೊಳೆ ಕಳ್ಳನ ಹಾಗೆ ಬರುವುದಿಲ್ಲ. ಹೇಳಿಯೇ ಬರುತ್ತದೆ. ಕೊಯ್ನಾ ನೀರು ಕರಾಡದಲ್ಲಿ ಕೃಷ್ಣೆಗೆ ಬೀಳಬೇಕು, ವಾರಣಾ ಸಾಂಗಲಿ ಹತ್ತಿರ ಸೇರಬೇಕು, ಪಂಚಗಂಗಾ ನರಸೋಬವಾಡಿಯಲ್ಲಿ ಕೂಡಬೇಕು. ಆಮೇಲೆ ರಾಜಾಪುರ ಬ್ಯಾರೇಜು ದಾಟಿ ನಮ್ಮ ಕಡೆ ಬರಬೇಕು. ಇತ್ತ ವೇದಗಂಗೆಯನ್ನು ಕೂಡಿಕೊಂಡ ದೂಧಗಂಗಾ ಬಂದು ಕೃಷ್ಣೆಗೆ ಸೇರುತ್ತದೆ. ಅಷ್ಟರಲ್ಲಿ ಕಲ್ಲೋಳ-ಯಡೂರ ನಡುವಿನ ದಾರಿ ಮುಳುಗುತ್ತದೆ, ಕುಡಚಿ-ಉಗಾರ ಸೇತುವೆ ಮುಳುಗುತ್ತದೆ. ಇಷ್ಟು ಉದ್ದದ ದಾರಿಯಲ್ಲಿ ಎಚ್ಚರಿಸಲು ಹೊತ್ತು ಇಲ್ಲ ಅಂದರೆ ಯಾರು ನಂಬಬೇಕು?

2019ರ ಆಗಸ್ಟ್ ಮಾತು. ನಮ್ಮಲ್ಲೊಬ್ಬನ ಊರು ಕೃಷ್ಣೆಯ ದಂಡೆಗೆ. ಊರ ಹೆಸರು ಬೇಡ. ರಾತ್ರಿ ಗುಡಿಯ ಮೈಕಿನಲ್ಲಿ ಸಾರಿದರು. ಮೈಕಿನ ಬಾಯಿ ಊರ ಕಡೆ ಇತ್ತು, ಕೇರಿ ಹಿಂದೆ ತಗ್ಗಿನಲ್ಲಿತ್ತು. ಮಳೆ ಸಪ್ಪಳ ಬೇರೆ. ಅವ್ವ ಎಚ್ಚರಾಗಿ ಕಾಲು ಕೆಳಗಿಟ್ಟಾಗ ನೀರು ಮನೆಯೊಳಗಿತ್ತು. ಗೂಟಕ್ಕೆ ಕಟ್ಟಿದ ಎರಡು ಆಡು ಹೋದವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು, ಜಾತಿ ಸರ್ಟಿಫಿಕೇಟು ಇದ್ದ ಟ್ರಂಕು ಹೋಯಿತು. ಮರುದಿನ ಸಿಕ್ಕ ಉತ್ತರ: "ರಾತ್ರಿನೇ ಸಾರೇವಲ್ಲೋ, ನಿಮಗ ಕೇಳಲಿಲ್ಲೇನು?"

ಕಾಗದದಲ್ಲಿ 'ಎಚ್ಚರಿಕೆ ನೀಡಲಾಗಿದೆ' ಅಂತ ಇರುತ್ತದೆ. ಯಾರಿಗೆ ನೀಡಲಾಗಿದೆ ಅಂತ ಇರುವುದಿಲ್ಲ.

ಇನ್ನು ಸುದ್ದಿಯ ಭಾಷೆ ನೋಡಿರಿ. ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಿದೆ ಅನ್ನುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಅದನ್ನು ಕಟ್ಟಿಕೊಂಡು ನಮ್ಮ ಅವ್ವ ಏನು ಮಾಡಬೇಕು? ಅವಳಿಗೆ ಬೇಕಾದದ್ದು ಇಷ್ಟೇ: ನೀರು ನಮ್ಮ ಓಣಿಗೆ ಬರುತ್ತದೋ ಇಲ್ಲವೋ, ಯಾವ ಹೊತ್ತಿಗೆ, ಯಾವ ದಾರಿ ಹಿಡಿದು ಹೋಗಬೇಕು.

ಕಾನೂನು ಇಲ್ಲವೇ? ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಮು ಪರಿಹಾರ, ನೆರವು ಕೊಡುವಾಗ ಜಾತಿ, ಲಿಂಗ, ಧರ್ಮ ನೋಡಿ ಭೇದ ಮಾಡಬಾರದು ಅನ್ನುತ್ತದೆ. ಗಂಜಿ ಕೇಂದ್ರದಲ್ಲಿ ಬೇರೆ ಸಾಲು ಹಚ್ಚಿದರೆ ಈ ಕಲಮು ತೋರಿಸಿ ಕೇಳಿರಿ. ಆದರೆ ಆ ಕಲಮಿನಲ್ಲಿ ಇರುವುದು ಮುಳುಗಿದ ಮೇಲಿನ ಮಾತು. ಮುಳುಗುವ ಮೊದಲಿನ ಎಚ್ಚರಿಕೆಯ ಮಾತು ಅಲ್ಲಿಲ್ಲ. ನಮಗೆ ಗಂಜಿಗಿಂತ ಮೊದಲು ಸುದ್ದಿ ಬೇಕು.

ಆಕಾಶದಲ್ಲಿ ಓಡಾಡುವ ರೇಡಿಯೋ ಅಲೆಗಳು ಸಾರ್ವಜನಿಕ ಆಸ್ತಿ ಅಂತ 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೆರೆ ನೀರಿನ ಹಾಗೆ ಇದೂ ಎಲ್ಲರದು. ಹಾಗಿದ್ದರೆ ಕೇರಿಯ ಪಾಲು ಎಲ್ಲಿ? ಬೀದರದ ಆಚೆ ಜಹೀರಾಬಾದಿನ ಹತ್ತಿರ ಮಾಚನೂರಿನಲ್ಲಿ 2008ರಿಂದ ಬಡ ದಲಿತ ಹೆಣ್ಣುಮಕ್ಕಳು 'ಸಂಘಂ ರೇಡಿಯೋ' ನಡೆಸಿದರು. ಮೈಕು ಅವರ ಕೈಯಲ್ಲಿ, ಮಾತು ಅವರ ಹೊಲದ್ದು, ಅವರ ಬಾಳಿನದು. ಅವರಿಗೆ ಆದದ್ದು ನಮಗೇಕೆ ಆಗಬಾರದು?

ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ಳೋಣ. ಎಲ್ಲರ ಕೈಯಲ್ಲೂ ಮೊಬೈಲು ಇದೆ. 1077 ನೆನಪಿರುವವರು ನಮ್ಮ ರೂಮಿನಲ್ಲಿ ಎಷ್ಟು ಮಂದಿ? 'ಆಪದ ಮಿತ್ರ' ಯೋಜನೆಯಲ್ಲಿ ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಅಂತ ಇತ್ತು. ನಮ್ಮ ಕೇರಿಯಿಂದ ಯಾರು ಹೋದರು ಅಂತ ನಾವು ಎಂದಾದರೂ ಕೇಳಿದೆವಾ? ಕೇಳದಿದ್ದರೆ ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಮಳೆಗಾಲಕ್ಕೆ ಮೊದಲು ರಜೆಯಲ್ಲಿ ಊರಿಗೆ ಹೋಗುತ್ತೇವಲ್ಲ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ:

ಒಂದು, ಪಂಚಾಯ್ತಿಯ ಮೈಕು ಕೇರಿಯೊಳಗೂ ಬೇಕು. ಕರೆಂಟು ಹೋದರೂ ನಡೆಯುವಂತಿರಬೇಕು.

ಎರಡು, 2005, 2019, 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಹೊಡೆಯಬೇಕು. ಈ ಸಲದ ಎಚ್ಚರಿಕೆಯನ್ನು ಆ ಗೆರೆಯ ಲೆಕ್ಕದಲ್ಲಿ ಹೇಳಬೇಕು. ಕನ್ನಡದಲ್ಲೂ ಹೇಳಬೇಕು, ಮರಾಠಿಯಲ್ಲೂ ಹೇಳಬೇಕು.

ಮೂರು, ಪೊಲೀಸು, ನೀರಾವರಿ, ಕಂದಾಯ ಇಲಾಖೆಗಳ ಸುದ್ದಿ ಒಂದೇ ಕಡೆ ಸೇರಿ ಹೊರಡಬೇಕು. ತಗ್ಗಿನ ಓಣಿಗೆ ಮೊದಲು ಮುಟ್ಟಬೇಕು.

ನಾಲ್ಕು, ಸಾರುವ ಕೆಲಸಕ್ಕೆ ಕೇರಿಯವರನ್ನು ಹಚ್ಚುವುದಾದರೆ ತರಬೇತಿ ಕೊಡಿ, ಪಗಾರ ಕೊಡಿ. ಅವರಲ್ಲಿ ಹೆಣ್ಣುಮಕ್ಕಳೂ ಇರಲಿ. ಡಂಗುರ ಅಂದಕೂಡಲೇ ಬಿಟ್ಟಿ ಹಲಿಗಿ ಹಿಡಿದು ನಮ್ಮ ಓಣಿಗೆ ಬರಬೇಡ್ರಿ!

ನಮ್ಮ ಮುತ್ತ್ಯಾ ಊರೆಲ್ಲ ಎಬ್ಬಿಸಿ ಕೊನೆಗೆ ತನ್ನ ಗುಡಿಸಲಿಗೆ ಓಡಿ ಬರುತ್ತಿದ್ದ. ಅಷ್ಟರಲ್ಲಿ ಅವನ ಮನೆಗೆ ನೀರು ಬಂದಿರುತ್ತಿತ್ತು. ಅದು ಅವನ ಕಾಲಕ್ಕೇ ಮುಗಿಯಲಿ. ಮುಂದಿನ ಆಗಸ್ಟಿನಲ್ಲಿ ಹೊಳಿ ಏರಿದರೆ ಮೊದಲು ಏಳುವುದು ನಮ್ಮ ಕೇರಿಯಾಗಲಿ.