ಜಪಾನಿನದೇ ಗಟ್ಟಿಯೆ?

ಸಂಘದ ಕೂಟದಲ್ಲಿ ಕಾರಿನ ಮಾತೆತ್ತಿದರೆ ಸಾಕು, ಜಪಾನಿನದು ಗಟ್ಟಿ, ಅಮೆರಿಕದ್ದು ಬರೀ ಡೌಲು ಎಂಬ ತೀರ್ಪು ಹೊರಬೀಳುತ್ತದೆ. ಹಾಗಾದರೆ 1980ರ ದಶಕದಲ್ಲಿ ಬಂದ ಡಿ.ಸಿ.ಎಂ.-ಟೊಯೋಟಾ, ಆಲ್ವಿನ್-ನಿಸ್ಸಾನ್ ಟ್ರಕ್ಕುಗಳು ಈಗೆಲ್ಲಿ? ಅವೂ ಜಪಾನಿನ ತಳಿಯವೇ ತಾನೆ! 1986ರಲ್ಲಿ ಪುಣೆಯ ಟೆಲ್ಕೊ ಹೊರತಂದ 407 ಇಂದಿಗೂ ಶಿರೂರಿನ ಈರುಳ್ಳಿ ಹೊರುತ್ತಿದೆ. ಅದರ ಬಿಡಿಭಾಗ ಹೆದ್ದಾರಿಯ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ. ಸಾಲ ಮಾಡಿ ಕೊಂಡ ಗಾಡಿಯನ್ನು 15 ವರ್ಷ ಓಡಿಸಬೇಕಾದ ನಮ್ಮಂಥ ಗುಮಾಸ್ತರಿಗೆ ಬಾಳಿಕೆಯೆಂದರೆ ಇದೇ.

ನಮ್ಮ ಬಿಡದಿಯ ಕ್ವಾಲಿಸ್ 2005ರಲ್ಲೇ ನಿಂತರೂ ಕಂಪನಿ ಅಲ್ಲಿಯೇ ಉಳಿಯಿತು. ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ಕೈಬಿಡುವುದಾಗಿ ಸಾರಿತು. ಎಂಜಿನ್ ಕೆಟ್ಟದೆಂದು ಹೋದವರಲ್ಲ ಅವರು, ಲೆಕ್ಕ ಕೂಡಿಬರಲಿಲ್ಲ. ನಮ್ಮ ತಾಲ್ಲೂಕಿನ ರಾಂಜಣಗಾಂವದಲ್ಲೇ 2017ರಲ್ಲಿ ತಯಾರಿಕೆ ಶುರುವಾದ ಜೀಪ್ ಕಂಪಾಸನ್ನೂ ಬಾವುಟ ನೋಡಿ ತಳ್ಳಬೇಡಿ. ಮೊದಲು ಗ್ಯಾರೇಜಿನವನನ್ನು ಕೇಳಿ.